ಮೊದಲು ಹೋಲಿಸಲಿ, ಆಮೇಲೆ ಅಳೆಯಲಿ

ನಾನು ಬೀದರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದು, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೂ ಕಾಚಿಗುಡದ ನಮ್ಮ ಓಣಿಯ ಮಕ್ಕಳಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇನೆ. ತಾಯಂದಿರ ದೂರು ಹೆಚ್ಚಾಗಿ ಒಂದೇ: "ನೂರರ ತನಕ ಎಣಸ್ತಾನ್ರೀ ಟೀಚರ್, ಕೈಯಾಗ ಸ್ಕೇಲ್ ಕೊಟ್ರ ಮಾತ್ರ ತಪ್ಪು ಹೇಳ್ತಾನ." ಹಾಗಾದರೆ ಸ್ವಲ್ಪ ದಿನ ಸ್ಕೇಲ್ ಎತ್ತಿಡಿ ಅನ್ನುತ್ತೇನೆ. ಅಳತೆ ಶುರುವಾಗುವುದು ಅಂಕಿಯಿಂದಲ್ಲ, ಹೋಲಿಕೆಯಿಂದ.

"ಯಾವುದು ದೊಡ್ಡದು?" ಅನ್ನುವುದೇ ಅರ್ಧ ಪ್ರಶ್ನೆ. ಒಂದು ಚೀಲ ಚುರುಮುರಿ, ಪಕ್ಕದಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಟ್ಟು ಕೇಳಿದರೆ ಯುಕೆಜಿ ಮಗು ಚುರುಮುರಿಯತ್ತ ಕೈ ತೋರಿಸುತ್ತದೆ. ಎತ್ತಿ ನೋಡು ಅಂದಾಗ ಮುಖ ಬದಲಾಗುತ್ತದೆ. ಎತ್ತರ, ಉದ್ದ, ದಪ್ಪ, ತೂಕ, ಹಿಡಿಸುವಷ್ಟು ಇವೆಲ್ಲ ಬೇರೆ ಬೇರೆ ಎಂಬುದು ತಲೆಗೆ ಹೋಗುವುದು ಆಗಲೇ. ಮೊದಲ ಪಾಠ ಇದು: ಏನನ್ನು ಹೋಲಿಸುತ್ತಿದ್ದೇವೆ ಎಂದು ಗೊತ್ತು ಮಾಡಿಕೊಳ್ಳುವುದು.

ದ್ರವದ ಮಾತು ಇನ್ನೂ ಸೂಕ್ಷ್ಮ. ಎರಡು ಒಂದೇ ಅಳತೆಯ ಲೋಟದಲ್ಲಿ ಸಮಸಮ ಮಜ್ಜಿಗೆ ಹಾಕಿ, ಒಂದನ್ನು ಮಗುವಿನ ಎದುರಿಗೇ ಉದ್ದನೆ ಬಾಟಲಿಗೆ ಸುರಿಯಿರಿ. ಐದು ವರ್ಷದ ಹೆಚ್ಚಿನ ಮಕ್ಕಳು ಬಾಟಲಿಯಲ್ಲಿ ಜಾಸ್ತಿ ಇದೆ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಕಳೆದ ಶತಮಾನದಲ್ಲೇ ಇದನ್ನು ಗಮನಿಸಿದ್ದರು. ಸುಮಾರು ಏಳರ ಆಸುಪಾಸಿನಲ್ಲಿ ಪಾತ್ರೆ ಬದಲಾದರೂ ಪ್ರಮಾಣ ಬದಲಾಗದು ಎಂಬುದು ಮಕ್ಕಳಿಗೆ ತಿಳಿಯುತ್ತದೆ ಎಂದಿದ್ದರು. ಆದ್ದರಿಂದ ಗದರಿ ಲಾಭವಿಲ್ಲ. ಬಾಟಲಿಯದ್ದನ್ನು ಮತ್ತೆ ಲೋಟಕ್ಕೆ ಸುರಿದು ತೋರಿಸಿ, ಅಷ್ಟೇ.

ಉದ್ದಕ್ಕೆ ಬಂದರೆ, ಎರಡು ರಿಬ್ಬನ್ನುಗಳನ್ನು ಹೋಲಿಸಲು ಎರಡರ ತುದಿಯೂ ಒಂದೇ ಗೆರೆಯಿಂದ ಶುರುವಾಗಬೇಕು, ಸೊಟ್ಟಗಿದ್ದರೆ ಎಳೆದು ನೇರ ಮಾಡಬೇಕು. ಬಾಗಿಲನ್ನೂ ಮೇಜನ್ನೂ ಪಕ್ಕಪಕ್ಕ ಇಡಲಾಗದು. ಆಗ ನಡುವೆ ಒಂದು ದಾರ ಬೇಕು: ಮೇಜಿನ ಉದ್ದಕ್ಕೆ ದಾರ ಕತ್ತರಿಸಿ, ಅದನ್ನೇ ಒಯ್ದು ಬಾಗಿಲಿಗೆ ಹಿಡಿದು ನೋಡುವುದು. ಕದಲದ ಎರಡು ವಸ್ತುಗಳನ್ನು ಮೂರನೆಯದೊಂದು ಹೋಲಿಸಬಲ್ಲದು ಎಂದು ಕಂಡುಕೊಂಡ ಮಗು ಅರ್ಧ ದಾರಿ ದಾಟಿದಂತೆ.

ಇನ್ನರ್ಧಕ್ಕೆ ಹೂವಿನವಳೇ ಗುರು. ಹೈದರಾಬಾದಿನಲ್ಲಿ ಇವತ್ತಿಗೂ ಮಲ್ಲಿಗೆ ಮಾಲೆಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಇಲ್ಲಿಯವರು ಮೂರ ಅನ್ನುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಒಂದೇ ಮಾಲೆಯನ್ನು ನಾನು ಅಳೆದರೆ ನಾಲ್ಕು ಮೊಳ, ಎರಡನೇ ತರಗತಿಯ ಹುಡುಗಿ ಅಳೆದರೆ ಆರು. ಮಾಲೆ ಬೆಳೆಯಿತೇನು ಎಂದು ಕೇಳಿದೆ. ಒಂದು ಗಳಿಗೆ ಯೋಚಿಸಿ ಹುಡುಗಿ ಹೇಳಿದಳು: "ತಗೊಳ್ಳೋವಾಗ ನಿಮ್ಮ ಕೈ, ಮಾರೋವಾಗ ನನ್ನ ಕೈ, ಟೀಚರ್!" ಚಿಕ್ಕ ಅಳತೆಯಾದರೆ ಸಂಖ್ಯೆ ಹೆಚ್ಚುತ್ತದೆ ಎಂಬ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಎಲ್ಲರಿಗೂ ಒಂದೇ ಆಗುವ ಅಳತೆ ಯಾಕೆ ಬೇಕು ಅನ್ನುವ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ದೇಶಕ್ಕೂ ಅದೇ ಪ್ರಶ್ನೆ ಎದ್ದಿತ್ತು. ಸೇರು, ಮಣ, ಗಜ ಊರಿಗೊಂದು ಥರ ಇದ್ದ ಕಾಲದಲ್ಲಿ 1956ರಲ್ಲಿ ತೂಕ-ಅಳತೆಯ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೀಟರ್, ಕಿಲೋ ಬಳಕೆಗೆ ಬಂದವು.

ಈಗ ಸ್ಕೇಲ್ ಕೊಡಬಹುದು. ಆದರೂ ಒಂದು ಪರೀಕ್ಷೆ ಮಾಡಿ. ಪೆನ್ಸಿಲಿನ ಒಂದು ತುದಿ 2ರ ಮೇಲೆ, ಇನ್ನೊಂದು 8ರ ಮೇಲೆ ಬರುವಂತೆ ಇಟ್ಟು ಉದ್ದ ಕೇಳಿ. ಎಷ್ಟೋ ಮಕ್ಕಳು 8 ಅನ್ನುತ್ತಾರೆ. ಗೆರೆ ಎಣಿಸುವ ಜಾಣರು 7 ಅನ್ನುತ್ತಾರೆ. ಎಣಿಸಬೇಕಾದದ್ದು ಗೆರೆಗಳನ್ನಲ್ಲ, ನಡುವಿನ ಮನೆಗಳನ್ನು. ಒಂದೊಂದು ಮನೆಗೂ ಬಣ್ಣ ಹಚ್ಚಿಸಿ ಎಣಿಸಿದರೆ 6 ಬರುತ್ತದೆ.

ಇದು ಬರೀ ಮಕ್ಕಳ ಆಟವಲ್ಲ. ದೇಶದ ನಕ್ಷೆಗಾಗಿ ನಡೆದ ತ್ರಿಕೋನಮಿತಿ ಸರ್ವೆಯಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿಯ ತಂಡ 1815ರಲ್ಲಿ ನಮ್ಮ ಬೀದರ್ ಸೀಮೆಯಲ್ಲಿ ಮೈಲುಗಟ್ಟಲೆ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದಿತ್ತು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ, ಅದಕ್ಕೂ ಲೆಕ್ಕ ಇಡಬೇಕು. 1841ರಲ್ಲಿ ಅಲ್ಲೇ ಮತ್ತೆ ಅಳೆದಾಗ ಕಬ್ಬಿಣ ಹಿತ್ತಾಳೆ ಜೋಡಿಸಿದ, ಬಿಸಿಲಿಗೂ ಅಳತೆ ಕೆಡದ ಪಟ್ಟಿಗಳನ್ನು ಬಳಸಿದರು. ಶುರು ಸರಿ ಇರಬೇಕು, ನಡುವೆ ಸಂದು ಬಿಡಬಾರದು, ಒಂದರ ಮೇಲೊಂದು ಏರಬಾರದು, ಅಳತೆಗೋಲು ಬದಲಾಗಬಾರದು. ಆ ಸರ್ವೆಯವರಿಗೂ ನಮ್ಮ ಎರಡನೇ ತರಗತಿಗೂ ನಿಯಮ ಒಂದೇ.

ದೊಡ್ಡ ಮಕ್ಕಳನ್ನು ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿಗೆ ಕರೆದೊಯ್ಯಿರಿ. ಅರಗಿನ ಬಳೆಯ ಅಂಗಡಿಯಲ್ಲಿ 2.4, 2.6, 2.8, 2.10 ಎಂದು ಸೈಜ್ ಹೇಳುತ್ತಾರೆ. ದಶಮಾಂಶ ಕಲಿತ ಐದನೇ ತರಗತಿ ಹುಡುಗ 2.10 ಎಲ್ಲಕ್ಕಿಂತ ಚಿಕ್ಕದು ಎಂದು ವಾದಿಸುತ್ತಾನೆ. ಬಳೆಗಳನ್ನು ಒಂದರೊಳಗೊಂದು ಇಟ್ಟರೆ ಹೊರಗಿನದೇ 2.10! ಇಲ್ಲಿ ಚುಕ್ಕೆಯ ನಂತರದ್ದು ಹತ್ತನೇ ಭಾಗವಲ್ಲ, ಇಂಚಿನ ಹದಿನಾರನೇ ಭಾಗ. 2.4 ಅಂದರೆ ಒಳ ಅಗಲ ಎರಡೂಕಾಲು ಇಂಚು, 2.8 ಅಂದರೆ ಎರಡೂವರೆ. ಅಂಕಿ ಅಷ್ಟೇ ನೋಡಿದರೆ ಸಾಲದು, ಅದು ಯಾವುದರ ಅಂಕಿ ಎಂದೂ ಕೇಳಬೇಕು.

ಮೂರನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಸಿಗಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಶುರು ಮಾಡಿತು. ಆ ಲೆಕ್ಕದಲ್ಲಿ ಅಳತೆಯೂ ಸೇರಿದೆ. ಅದಕ್ಕೆ ಮನೆಯಲ್ಲಿ ಬೇರೆ ಸಾಮಾನು ಬೇಕಿಲ್ಲ. ಈ ಡಬ್ಬಿ ತುಂಬಲು ಎಷ್ಟು ಲೋಟ ಅಕ್ಕಿ ಬೇಕು, ಮಂಚ ಎಷ್ಟು ಗೇಣು, ಎರಡು ಮೂಸಂಬಿಯಲ್ಲಿ ಯಾವುದು ಭಾರ ಎಂದು ಮೊದಲು ಅಂದಾಜು ಹೇಳಿಸಿ, ಆಮೇಲೆ ಅಳೆಸಿ. ಅಂದಾಜು ತಪ್ಪಿದರೆ ನೀವು ತಿದ್ದಬೇಡಿ, ಲೋಟವೇ ತಿದ್ದುತ್ತದೆ. ಒಂದನೇ ತರಗತಿಯಲ್ಲಿ ಸೆಂಟಿಮೀಟರ್ ಬರಲಿಲ್ಲವೆಂದು ಗಾಬರಿಯೂ ಬೇಡ. "ಹೆಂಗ ಗೊತ್ತಾಯ್ತು?" ಎಂದು ಕೇಳಿದಾಗ ಮಗು ಕಾರಣ ಹೇಳಿದರೆ ಸಾಕು, ಸ್ಕೇಲ್ ಹಿಡಿಯುವುದನ್ನು ಎರಡು ದಿನದಲ್ಲಿ ಕಲಿಸಬಹುದು.