ಮೋಟಾರುಗಾಡಿಯ ವರ್ಣವಿಚಾರ

ಬಣ್ಣವೆಂಬುದು ವರ್ಣ ಶಬ್ದದ ತದ್ಭವವೆಂದು ನಾವು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿಕೊಟ್ಟೆವು. ಆ ಬಣ್ಣಕ್ಕೆ ಪೇಟೆಯ ಬೆಲೆ ಕಟ್ಟುವ ಪ್ರಸಂಗವು ನಿವೃತ್ತರಾದ ಮೇಲೆ ನಮಗೆ ಒದಗಿತು. ಅಮೆರಿಕದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಬಹುಕಾಲದ ಉಳಿತಾಯದಿಂದ ಎರಡೇ ಆಸನಗಳುಳ್ಳ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಹೊರಟಿದ್ದನು. ಕಡುಹಸುರು ಬೇಕೆಂದು ಅವನ ಆಸೆ. ನಾಲ್ಕು ವರ್ಷದಲ್ಲಿ ಮಗಳ ಕಾಲೇಜಿನ ಶುಲ್ಕಕ್ಕಾಗಿ ಅದನ್ನು ಮಾರಲೇಬೇಕು, ಆದುದರಿಂದ ಎಲ್ಲರೂ ಒಪ್ಪುವ ಬೂದುಬಣ್ಣವೇ ಇರಲೆಂದು ಅವನ ಹೆಂಡತಿಯ ವಾದ. “ಮೇಷ್ಟ್ರೇ, ತಾವೇ ತೀರ್ಪು ಕೊಡಬೇಕು” ಎಂದು ಇಬ್ಬರೂ ಸೇರಿ ಬರೆದರು. ಗಾಡಿ ನಡೆಸಲರಿಯದ ನಾವು ಪುಸ್ತಕಪತ್ರಿಕೆಗಳನ್ನು ತಿರುವಿಹಾಕಿದೆವು.

ಹಿಂದೆ ಇಂಥ ಚಿಂತೆಗೆ ಅವಕಾಶವೇ ಕಡಮೆ. ಫೋರ್ಡ್ ಕಂಪನಿಯವರ ಟಿ ಮಾದರಿಯ ಗಾಡಿಯು 1914ರಿಂದ 1925ರ ವರೆಗೆ ಕಪ್ಪೊಂದರಲ್ಲಿಯೇ ದೊರೆಯುತ್ತಿತ್ತು. ಪಂದ್ಯದ ಗಾಡಿಗಳಿಗಾದರೋ ಬಣ್ಣವು ದೇಶದ ಗುರುತು: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳುಪು, 1934ರ ಮೇಲೆ ಬೆಳ್ಳಿ. 1903ರಲ್ಲಿ ಗಾರ್ಡನ್ ಬೆನೆಟ್ ಪಂದ್ಯವು ಐರ್ಲೆಂಡಿನಲ್ಲಿ ನಡೆದಾಗ ಬ್ರಿಟಿಷರ ಗಾಡಿಗಳು ಹಸುರನ್ನು ಧರಿಸಿದ್ದುವು. ನಮ್ಮ ಶಿಷ್ಯನ ಕಡುಹಸುರಿಗೆ ಅದೇ ವಂಶಮೂಲ. 1991ರಲ್ಲಿ ಮಾಜ್ದಾ ಕಂಪನಿಯವರು ತಮ್ಮ ಮಿಯಾಟಾ ಗಾಡಿಯನ್ನು ಈ ಹಸುರಿನಲ್ಲಿ ಅಮೆರಿಕಕ್ಕೆಂದು 4,000 ಮಾತ್ರ ಮಾಡಿದರು; ಅದನ್ನೇ ಹುಡುಕಿಕೊಂಡು ಹೋಗುವವರು ಇಂದಿಗೂ ಉಂಟು.

ಇನ್ನು ಬೆಲೆಯ ಮಾತು. ಐಸೀಕಾರ್ಸ್ ಎಂಬ ಅಮೆರಿಕದ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೂರು ವರ್ಷದಲ್ಲಿ ಹಳದಿ ಗಾಡಿಗಳು ಶೇಕಡ 24ರಷ್ಟು, ಬಿಳಿಯವು ಸುಮಾರು 32ರಷ್ಟು ಬೆಲೆಯನ್ನು ಕಳೆದುಕೊಂಡುವು. ಹೊನ್ನಿನ ಬಣ್ಣದವು ಇನ್ನೂ ಹೆಚ್ಚು. ಹೊನ್ನೇ ಸೋತಿತಲ್ಲಾ ಎಂದು ನಾವು ನಕ್ಕೆವು. ಆದರೆ ಇದನ್ನು ಓದಿದವನು ಹಳದಿಯನ್ನೇ ಬಳಿಸಲು ಓಡಬಾರದು. ಹಳದಿಯನ್ನು ಹೆಚ್ಚಾಗಿ ಧರಿಸುವುದು ಸ್ಪೋರ್ಟ್ಸ್ ಕಾರುಗಳೇ. ಅವು ಸ್ವಭಾವತಃ ಬೆಲೆಯನ್ನು ಹಿಡಿದಿಟ್ಟುಕೊಳ್ಳತಕ್ಕವು. ಆದುದರಿಂದ ಕೀರ್ತಿಯಲ್ಲಿ ಗಾಡಿಯ ಪಾಲೆಷ್ಟು, ಬಣ್ಣದ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ಬಿಳಿ, ಕಪ್ಪು, ಬೂದು ಗಾಡಿಗಳೋ ಪೇಟೆಯ ತುಂಬ; ಕೊಳ್ಳುವವನು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆ. ವಿರಳವಾದ ಬಣ್ಣಕ್ಕೆ ಗಿರಾಕಿಗಳೂ ವಿರಳ. ಸಿಕ್ಕಿದವನು ಹೆಚ್ಚು ಚೌಕಾಸಿ ಮಾಡುವುದಿಲ್ಲ, ಆದರೆ ಅವನು ಬರುವವರೆಗೆ ಕಾಯಬೇಕು. ಕಾಲೇಜಿನ ಶುಲ್ಕವು ಕಾಯುವುದಿಲ್ಲವೆಂಬ ಆ ತಾಯಿಯ ಮಾತಿನಲ್ಲಿ ಸತ್ತ್ವವಿಲ್ಲದಿಲ್ಲ.

ಮಾರುವಾಗ ಬಣ್ಣ ಬದಲಾಯಿಸಿದರಾಯಿತೆಂದು ಶಿಷ್ಯನು ನಡುವೆ ಒಂದು ಉಪಾಯ ಬರೆದಿದ್ದನು. ಅದು ಸಲ್ಲದು. ಕಾರ್ಖಾನೆಯ ಲೇಪವು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅಂಗೈಯಗಲದ ಯಂತ್ರವೊಂದನ್ನು ಒತ್ತಿದರೆ ಮೇಲೆ ಬಳಿದದ್ದು ಬಯಲಾಗುತ್ತದೆ. ಬಾಗಿಲಿನ ಸಂದಿಯಲ್ಲಿ ಹಳೆಯ ಬಣ್ಣವು ಇಣಿಕುತ್ತದೆ. ಗಾಡಿ ಎಲ್ಲಿಯೋ ಡಿಕ್ಕಿ ಹೊಡೆದಿತ್ತೇ ಎಂಬ ಸಂಶಯ ಹುಟ್ಟಿತೆಂದರೆ ಬೆಲೆ ಕುಸಿಯಿತೆಂದೇ ಅರ್ಥ. ನಮ್ಮ ದೇಶದಲ್ಲಿಯಂತೂ ಬಣ್ಣವು ನೋಂದಣಿಪತ್ರದಲ್ಲಿಯೇ ದಾಖಲಾಗಿರುವುದರಿಂದ, ಬದಲಾಯಿಸಿದವನು ಸಾರಿಗೆ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕು.

ಹಸುರನ್ನೇ ಕೊಳ್ಳು, ಮೂಲಲೇಪವನ್ನು ಬಿಸಿಲು ಗೀರುಗಳಿಂದ ಕಾಪಾಡು, ಶುಲ್ಕದ ಗಡುವಿಗೆ ಮೊದಲಿನ ವಸಂತದಲ್ಲಿಯೇ ಮಾರಾಟಕ್ಕೆ ಇಡು ಎಂದು ನಾವು ಉತ್ತರ ಬರೆದೆವು. ಮಾಡು ತೆರೆಯುವ ಗಾಡಿಯನ್ನು ಹಿಮ ಬೀಳುವಾಗ ಯಾರು ಕೇಳುತ್ತಾರೆ? ಆಕೆ ಒಪ್ಪಿದಳಂತೆ, ಆದರೆ ಮಾರಾಟದ ತಿಂಗಳನ್ನು ಗಂಡನ ಕೈಯಿಂದಲೇ ಬರೆಯಿಸಿ ಸಹಿ ಹಾಕಿಸಿಕೊಂಡಿದ್ದಾಳೆ. ಅದರ ಪ್ರತಿಯೊಂದು ನಮ್ಮಲ್ಲಿಯೂ ಇದೆ.