ಮಾನಿಟರ್ ಅಗ್ಗದ್ದು, ಮಂಕು ಯಾರದ್ದು?

ಕಡಿಮೆ ಬೆಲೆಯ ಮಾನಿಟರ್ ಕೊಂಡವರ ದೂರು ಸಾಮಾನ್ಯವಾಗಿ ಒಂದೇ: "ಅಕ್ಷರ ಮಂಕು ಸಾರ್. ಅಗ್ಗದ್ದು ತಗೊಂಡ್ರೆ ಇನ್ನೇನಾಗತ್ತೆ?" ಡಿಟಿಪಿ ಅಂಗಡಿ ನಡೆಸುವವರೊಬ್ಬರದ್ದೂ ಇದೇ ರಾಗ. 22 ಇಂಚಿನ ಫುಲ್ ಎಚ್‌ಡಿ ಮಾನಿಟರ್ ತಂದಿದ್ದರು. ಕರಡು ತಿದ್ದಲು ಕೂತರೆ ದಕಾರ ಯಾವುದು, ಧಕಾರ ಯಾವುದು ತಿಳಿಯದು. ಮಾರಿದವನನ್ನೂ ತಯಾರಿಸಿದವರನ್ನೂ ಬೈದದ್ದಾಯಿತು. ಕೊನೆಗೆ ಪರಿಚಯದ ಹುಡುಗನೊಬ್ಬ ಸೆಟ್ಟಿಂಗ್ಸ್ ತೆರೆದು ನೋಡಿದರೆ ರೆಸಲ್ಯೂಷನ್ 1366×768ಕ್ಕೆ ಇಳಿದು ಕೂತಿತ್ತು. ಇಳಿಸಿದವರು ಮಾಲೀಕರೇ. "ಅಕ್ಷರ ಸಣ್ಣ ಕಾಣ್ತಿತ್ತಲ್ಲ!"

ಅಕ್ಷರ ದೊಡ್ಡದಾಗಬೇಕಿದ್ದರೆ ರೆಸಲ್ಯೂಷನ್ ಇಳಿಸಬೇಕು ಎಂಬ ಈ ನಂಬಿಕೆ ಕಚೇರಿಗಳಿಂದ ಸೈಬರ್ ಸೆಂಟರ್‌ಗಳವರೆಗೆ ವೇದವಾಕ್ಯವಾಗಿಬಿಟ್ಟಿದೆ. ಹಿಂದೆ ಅದಕ್ಕೆ ಅರ್ಥವಿತ್ತು. ಡೊಳ್ಳುಹೊಟ್ಟೆಯ ಹಳೆಯ ಸಿಆರ್‌ಟಿ ಮಾನಿಟರ್‌ನಲ್ಲಿ ಎಲೆಕ್ಟ್ರಾನ್ ಕಿರಣ ಪರದೆಯನ್ನು ಸಾಲುಸಾಲಾಗಿ ಗೀಚುತ್ತಿತ್ತು. 800×600 ಎಂದರೂ ಸರಿ, 1024×768 ಎಂದರೂ ಸರಿ, ಚಿತ್ರ ಹೆಚ್ಚು ಕೆಡುತ್ತಿರಲಿಲ್ಲ. ಎಲ್‌ಸಿಡಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಚುಕ್ಕಿಗಳು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದವು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600. ಅದಕ್ಕೆ 1366×768 ಚಿತ್ರ ಕಳಿಸಿದರೆ ಬರುವುದು 10,49,088 ಚುಕ್ಕಿಗಳ ಮಾಹಿತಿ ಮಾತ್ರ. ಇಪ್ಪತ್ತು ಲಕ್ಷಕ್ಕೆ ದುಡ್ಡು ಕೊಟ್ಟು ಹತ್ತು ಲಕ್ಷದಲ್ಲಿ ಸಂಸಾರ!

ಇನ್ನೂ ಕೆಟ್ಟದ್ದು ಮುಂದಿದೆ. ಒಂದು ಚುಕ್ಕಿಯ ಮಾಹಿತಿಯನ್ನು ಸುಮಾರು 1.4 ಚುಕ್ಕಿಗೆ ಹಿಗ್ಗಿಸಬೇಕು. ಹತ್ತು ಚುಕ್ಕಿ ಇಟ್ಟ ಅಂಗಳದಲ್ಲಿ ಏಳು ಚುಕ್ಕಿಯ ರಂಗೋಲಿಯನ್ನು ಎಳೆದು ಕೂರಿಸಲು ಹೊರಟ ಹಾಗೆ. ಅರ್ಧ ಚುಕ್ಕಿ ಹೊತ್ತಿಸಲು ಬಾರದ ಮಾನಿಟರ್, ಕಪ್ಪು ಬಿಳುಪಿನ ನಡುವೆ ಬೂದು ಬಣ್ಣ ತುಂಬಿ ಕೈತೊಳೆದುಕೊಳ್ಳುತ್ತದೆ. ಪ್ರತಿ ಚುಕ್ಕಿಯೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನೇ ಬಳಸಿ ಅಕ್ಷರದ ಅಂಚು ನಯಗೊಳಿಸುವ ಕ್ಲಿಯರ್‌ಟೈಪ್ ಎಂಬ ಏರ್ಪಾಡು ವಿಂಡೋಸ್‌ನಲ್ಲಿದೆ. ಈ ಹಿಗ್ಗಾಟದಲ್ಲಿ ಅದೂ ಲೆಕ್ಕ ತಪ್ಪುತ್ತದೆ.

ಇಂಗ್ಲಿಷ್ ಓದುವವರು ಹೇಗೋ ಸುಧಾರಿಸಿಕೊಂಡಾರು. ಕನ್ನಡಕ್ಕೆ ಪೆಟ್ಟು ಜಾಸ್ತಿ. ದ-ಧ, ಪ-ಫ, ಡ-ಢ ಬೇರೆಯಾಗುವುದೇ ಅಡಿಯ ಒಂದು ಪುಟ್ಟ ಗೆರೆಯಿಂದ. 'ರಾಷ್ಟ್ರ' ಎಂದು ಬರೆದರೆ ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಬೂದು ಬಣ್ಣ ಮೊದಲು ನುಂಗುವುದು ಇವನ್ನೇ.

ತಮಾಷೆ ಏನೆಂದರೆ, 1920×1080 ಎಂಬುದರ ಪಕ್ಕದಲ್ಲೇ 'ರೆಕಮೆಂಡೆಡ್' ಎಂದು ವಿಂಡೋಸ್ ಬರೆದಿಟ್ಟಿರುತ್ತದೆ. ಅದನ್ನು ಮಾಡಿದವರ ಮಾತು ಬೇಡ, ಪಕ್ಕದ ಅಂಗಡಿಯವನ ಮಾತು ಬೇಕು. ಅಕ್ಷರ ದೊಡ್ಡದಾಗಲು ಅದೇ ಪುಟದಲ್ಲಿ 'ಸ್ಕೇಲ್' ಎಂಬ ಇನ್ನೊಂದು ಆಯ್ಕೆಯಿದೆ. ಅದನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿದರೆ ವಿಂಡೋಸ್ ಅಕ್ಷರವನ್ನು ಹಿಗ್ಗಿಸುವುದಿಲ್ಲ. ಹೆಚ್ಚು ಚುಕ್ಕಿ ಬಳಸಿ ಹೊಸದಾಗಿ ಬರೆಯುತ್ತದೆ. ಕೆಲವು ಹಳೆಯ ತಂತ್ರಾಂಶಗಳು ಮಾತ್ರ ಇದಕ್ಕೆ ಹೊಂದಿಕೊಳ್ಳದೆ ಮಸುಕಾಗುತ್ತವೆ. ಅದು ಆ ತಂತ್ರಾಂಶದ ದೋಷ, ಮಾನಿಟರ್‌ನದ್ದಲ್ಲ.

ಇದೇ ಸಾಲಿನ ಇನ್ನಷ್ಟು ಭ್ರಮೆಗಳಿವೆ. ಅದೇ ಫುಲ್ ಎಚ್‌ಡಿಯಲ್ಲಿ 27 ಇಂಚು ಕೊಂಡರೆ ಚಿತ್ರ ಇನ್ನೂ ಸ್ಪಷ್ಟವಂತೆ: 22 ಇಂಚಿನಲ್ಲಿ ಇಂಚಿಗೆ ಸುಮಾರು 100 ಇದ್ದ ಚುಕ್ಕಿ 82ಕ್ಕೆ ಇಳಿಯುತ್ತದೆ, ಅಷ್ಟೇ. ಸ್ಕ್ರೀನ್‌ಸೇವರ್ ಹಾಕಿದರೆ ಪರದೆಗೆ ಆಯುಷ್ಯ ಹೆಚ್ಚಂತೆ: ಎಲ್‌ಸಿಡಿಯ ಹಿಂದಿನ ದೀಪ ಆಗಲೂ ಉರಿಯುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ಎಚ್‌ಡಿಆರ್ ಎಂದಿದ್ದರೆ ಬಣ್ಣ ಸಿನಿಮಾದಂತೆ ಹೊಳೆಯುವುದಂತೆ: ವೇಸಾ ಸಂಸ್ಥೆಯ ಡಿಸ್‌ಪ್ಲೇಎಚ್‌ಡಿಆರ್ ಪ್ರಮಾಣಪತ್ರದ ಕೆಳಗಿನ ಮೆಟ್ಟಿಲಿಗೇ 400 ನಿಟ್ಸ್ ಬೆಳಕು ಬೇಕು, ಅಗ್ಗದ ಮಾನಿಟರ್‌ಗಳು ಸಾಮಾನ್ಯವಾಗಿ 250ರ ಆಸುಪಾಸಿನವು. ಕಾಂಟ್ರಾಸ್ಟ್ 'ಕೋಟಿಗೆ ಒಂದು' ಎಂಬ ಜಾಹೀರಾತಂತೂ ದೀಪವನ್ನು ಒಮ್ಮೆ ಪೂರ್ತಿ ಏರಿಸಿ, ಇನ್ನೊಮ್ಮೆ ಆರಿಸಿ ತೆಗೆದ ಲೆಕ್ಕ. ಮಾಮೂಲಿ ಐಪಿಎಸ್ ಪರದೆಯ ನಿಜವಾದ ಕಾಂಟ್ರಾಸ್ಟ್ ಸಾವಿರಕ್ಕೆ ಒಂದರಷ್ಟು.

ಕೋಟಿಯನ್ನು ನಂಬುವವರೇ ಮಾನಿಟರ್ ಕೈಕೊಟ್ಟಿತು ಎಂದಾಗ ಬೆಲೆಯ ಕಡೆ ಬೆರಳು ತೋರಿಸುತ್ತಾರೆ. ದುಬಾರಿಯಾದದ್ದು ಒಳ್ಳೆಯದು, ಅಗ್ಗದ್ದು ಕೆಟ್ಟದ್ದು ಎಂದು ಮೊದಲೇ ತೀರ್ಪಾಗಿರುವಾಗ ಪರೀಕ್ಷಿಸುವ ಗೋಜು ಯಾರಿಗೆ ಬೇಕು? ಅಂಗಡಿಯವನಿಗೂ ಈ ತೀರ್ಪು ಲಾಭವೇ. ಇನ್ನೊಂದು ಮಾನಿಟರ್ ಖರ್ಚಾಗುತ್ತದೆ.

ಅಗ್ಗದ ಮಾನಿಟರ್‌ಗೆ ನಿಜವಾದ ಕೊರತೆಗಳಿವೆ: ಎತ್ತರ ಹೊಂದಿಸಲಾಗದ ಅಲ್ಲಾಡುವ ಸ್ಟ್ಯಾಂಡ್, ಮೂಲೆಯಲ್ಲಿ ಸೋರುವ ಬೆಳಕು, ಸಪ್ಪೆ ಬಣ್ಣ. ಮಂಕು ಅಕ್ಷರ ಆ ಪಟ್ಟಿಯಲ್ಲಿಲ್ಲ. ಹೊಸದಕ್ಕೆ ದುಡ್ಡು ಎಣಿಸುವ ಮೊದಲು ರೆಸಲ್ಯೂಷನ್ ನೋಡಿ, ಹಿಂದೆ ನೀಲಿ ಮೂತಿಯ ವಿಜಿಎ ಕೇಬಲ್ ಸಿಕ್ಕಿಸಿದ್ದರೆ ತೆಗೆದು ಎಚ್‌ಡಿಎಂಐ ಹಾಕಿ. ಅದೂ ಮಾಮೂಲಿಯದೇ ಸಾಕು, ಚಿನ್ನದ ಲೇಪ ಬೇಡ.