ವಾಲ್ಕಾಟ್‌ನ ಲಾರಿ ಜಾತ್ರೆ

ಅರವತ್ತರ ಆಸುಪಾಸಿನ ಒಬ್ಬರು ನೆಲದ ಮೇಲೆ ರಟ್ಟು ಹಾಸಿಕೊಂಡು ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಲಾರಿ ಚಕ್ರದ ನಟ್ಟುಗಳನ್ನು ತಿಕ್ಕುತ್ತಿದ್ದರು. ಒಂದು ಗಾಲಿಗೆ ಹತ್ತು ನಟ್ಟು. ಹಿಂದಿನ ಟ್ರೇಲರ್ ಬಿಟ್ಟು ಮುಂದಿನ ಎಂಜಿನ್ ಗಾಡಿಯೊಂದನ್ನೇ ಲೆಕ್ಕಕ್ಕೆ ಹಿಡಿದರೂ ಅರವತ್ತು. ನಾನು ಹೋಗಿ ನಿಂತಾಗ ಅವರು ಇಪ್ಪತ್ತಮೂರನೆಯದರಲ್ಲಿದ್ದರು. ಸಂಖ್ಯೆ ನನ್ನ ಊಹೆಯಲ್ಲ, ಅವರೇ ಹೇಳಿದ್ದು. ಎಣಿಸಿಕೊಂಡೇ ತಿಕ್ಕುವುದು ಅವರ ರೂಢಿಯಂತೆ.

ಅಮೆರಿಕದ ಅಯೋವಾ ರಾಜ್ಯದ ವಾಲ್ಕಾಟ್ ಇದು. ಊರಲ್ಲಿ ಎರಡು ಸಾವಿರ ಜನರೂ ಇಲ್ಲ. ಆದರೆ ಊರಿನ ಪಕ್ಕದಲ್ಲೇ ಇಂಟರ್‌ಸ್ಟೇಟ್ 80 ಹಾದುಹೋಗುತ್ತದೆ. ನ್ಯೂಜೆರ್ಸಿಯಿಂದ ಸ್ಯಾನ್‌ ಫ್ರಾನ್ಸಿಸ್ಕೋವರೆಗೆ ದೇಶವನ್ನು ಅಡ್ಡಡ್ಡ ಸೀಳುವ ಹೆದ್ದಾರಿ. ಅದರ 284ನೇ ಎಕ್ಸಿಟ್‌ನಲ್ಲಿ ಇಳಿದರೆ ಅಯೋವಾ 80; ಜಗತ್ತಿನ ಅತಿ ದೊಡ್ಡ ಟ್ರಕ್‌ಸ್ಟಾಪ್ ಎಂದು ಬೋರ್ಡು ಹಾಕಿಕೊಂಡಿದ್ದಾರೆ, ನೋಡಿದ ಮೇಲೆ ಜಗಳ ಆಡಬೇಕೆನಿಸುವುದಿಲ್ಲ. ಡಿ ಮಾಯ್ನ್‌ನಲ್ಲಿರುವ ಮಗಳ ಮನೆಯಿಂದ ಕಾರಿನಲ್ಲಿ ಎರಡೂವರೆ ತಾಸಿನ ದಾರಿ. ‘ಅಪ್ಪ, ಇಲ್ಲಿಗೆ ಬಂದವರು ನಯಾಗರಾ ನೋಡ್ತಾರೆ, ನೀನು ಲಾರಿ ನೋಡ್ತೀನಿ ಅಂತೀಯಲ್ಲ’ ಎಂದು ಅವಳು ಗೊಣಗುತ್ತಲೇ ಕರೆತಂದಳು.

1964ರಲ್ಲಿ ಎಣ್ಣೆ ಕಂಪನಿಯೊಂದು ಮೆಕ್ಕೆಜೋಳದ ಹೊಲಗಳ ನಡುವೆ ಈ ಟ್ರಕ್‌ಸ್ಟಾಪ್ ತೆರೆಯಿತು. ಮರುವರ್ಷ ಬಿಲ್ ಮೂನ್ ಎಂಬವರು ಮೇಲ್ವಿಚಾರಣೆ ವಹಿಸಿಕೊಂಡರು, 1984ರಲ್ಲಿ ಕೊಂಡೇಬಿಟ್ಟರು. ಈಗಲೂ ಆ ಮನೆತನದ್ದೇ. ಒಮ್ಮೆಗೆ 900 ಲಾರಿ ನಿಲ್ಲುವ ಜಾಗ. ಊಟದ ಮನೆ, ಸ್ನಾನದ ಕೋಣೆಗಳು, ಬಟ್ಟೆ ಒಗೆಯುವ ಯಂತ್ರ, ಕ್ಷೌರದಂಗಡಿ, ಸಿನಿಮಾ ಕೋಣೆ, ಕೊನೆಗೆ ಹಲ್ಲಿನ ಡಾಕ್ಟರು ಕೂಡ. ನಮ್ಮ ಪೂನಾ-ಬೆಂಗಳೂರು ರಸ್ತೆಯ ಧಾಬಾದಲ್ಲಿ ಹಗ್ಗದ ಮಂಚ, ನೀರಿನ ತೊಟ್ಟಿ ಕಂಡವನಿಗೆ ಹಲ್ಲಿನ ಡಾಕ್ಟರು ಸ್ವಲ್ಪ ಅತಿಯೆನಿಸಿತು. ಆಮೇಲೆ ಯೋಚಿಸಿದೆ: ತಿಂಗಳಲ್ಲಿ ಮೂರು ವಾರ ರಸ್ತೆಯಲ್ಲೇ ಇರುವವನಿಗೆ ಹಲ್ಲುನೋವು ಬಂದರೆ ಲಾರಿ ನಿಲ್ಲಿಸಲು ಜಾಗ ಇರುವ ದವಾಖಾನೆ ಇನ್ನೆಲ್ಲಿ ಸಿಗಬೇಕು?

ಪ್ರತಿ ಜುಲೈನಲ್ಲಿ ಇಲ್ಲಿ ‘ಟ್ರಕ್ಕರ್ಸ್ ಜಾಂಬೊರಿ’ ನಡೆಯುತ್ತದೆ, 1979ರಿಂದ. ನಾನು ಅದನ್ನು ಜಾತ್ರೆ ಎಂದೇ ಕರೆಯುತ್ತೇನೆ. ಹಾಡು, ಹಂದಿಮಾಂಸದ ಸುಟ್ಟ ತುಂಡು, ಮಕ್ಕಳ ಆಟ, ಪಟಾಕಿ ಎಲ್ಲ ಉಂಟು; ತೇರು ಮಾತ್ರ ಒಂದಲ್ಲ, ಹತ್ತಾರು. ಸಿಂಗರಿಸಿದ ಲಾರಿಗಳು ಸಾಲಾಗಿ ನಿಂತು ಸೌಂದರ್ಯ ಸ್ಪರ್ಧೆಗೆ ಸಿದ್ಧವಾಗಿರುತ್ತವೆ. ಉದ್ದ ಮೂತಿಯ ಪೀಟರ್‌ಬಿಲ್ಟ್ 379, ಕೆನ್‌ವರ್ತ್ ಡಬ್ಲ್ಯು 900: ಈ ಎರಡು ಹೆಸರು ಗೊತ್ತಿದ್ದರೆ ಅರ್ಧ ಜಾತ್ರೆ ನೋಡಿದಂತೆ. ಎದೆಮಟ್ಟದ ಬಂಪರು, ಕ್ಯಾಬಿನ್ನಿನ ಎರಡೂ ಬದಿಗೆ ಕಂಬದಂತೆ ನಿಂತ ಸೈಲೆನ್ಸರ್ ಕೊಳವೆ, ಗಾಜಿನ ಹಣೆಗೆ ಹುಬ್ಬಿನಂತೆ ಬಾಗಿದ ತಗಡು. ಇಂಥ ಲಾರಿಯನ್ನು ಇವರು ‘ಲಾರ್ಜ್ ಕಾರ್’ ಅನ್ನುತ್ತಾರೆ. ಮೈತುಂಬ ಪೋಣಿಸಿದ ಸಣ್ಣ ಹಳದಿ ದೀಪಗಳಿಗೆ ‘ಚಿಕನ್ ಲೈಟ್’. ಯಾಕೆ ಕೋಳಿಯ ಹೆಸರು ಎಂದು ಮೂವರನ್ನು ಕೇಳಿದೆ, ಮೂರು ಕತೆ ಸಿಕ್ಕಿತು.

ನಾನು ಬಂದದ್ದು ಮಾತ್ರ ಬೇರೊಂದು ಕುತೂಹಲಕ್ಕೆ. 2006ರಲ್ಲಿ ಸಿಎಂಟಿ ಎಂಬ ಕಂಟ್ರಿ ಸಂಗೀತದ ಚಾನೆಲ್ ‘ಟ್ರಿಕ್ ಮೈ ಟ್ರಕ್’ ಎಂಬ ಕಾರ್ಯಕ್ರಮ ಶುರುಮಾಡಿತು. ಅದಕ್ಕೆ ಎರಡು ವರ್ಷ ಮೊದಲು ಎಂಟಿವಿಯಲ್ಲಿ ಗುಜರಿ ಕಾರುಗಳಿಗೆ ಮದುವಣಗಿತ್ತಿಯ ವೇಷ ಹಾಕುವ ‘ಪಿಂಪ್ ಮೈ ರೈಡ್’ ಗೆದ್ದಿತ್ತಲ್ಲ, ಅದೇ ಅಚ್ಚು. ಕಷ್ಟದಲ್ಲಿರುವ ಒಬ್ಬ ಡ್ರೈವರ್, ಅವನ ಸೊರಗಿದ ಲಾರಿ. ಮನೆಯವರೋ ಗೆಳೆಯರೋ ಒಳಸಂಚು ಹೂಡುತ್ತಾರೆ, ಲಾರಿ ಮಿಸೌರಿ ರಾಜ್ಯದ ಜಾಪ್ಲಿನ್ ಊರಿನ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿ ‘ಕ್ರೋಮ್ ಶಾಪ್ ಮಾಫಿಯಾ’ ಎಂದು ಹೆಸರಿಟ್ಟುಕೊಂಡ ಕುಶಲಕರ್ಮಿಗಳ ತಂಡ ಕತ್ತರಿಸಿ, ಬೆಸೆದು, ಬಣ್ಣ ಹೊಡೆದು, ಚರ್ಮದ ಸೀಟು, ಟಿವಿ ಎಲ್ಲ ಕೂಡಿಸಿ ಕೊಡುತ್ತದೆ. ಕೊನೆಗೆ ಪರದೆ ಸರಿಯುತ್ತದೆ, ಡ್ರೈವರ್ ಬಾಯಿಗೆ ಕೈ ಹಿಡಿಯುತ್ತಾನೆ, ಕಣ್ಣೀರು. ಮಗಳ ಮನೆಯಲ್ಲಿ ಹಳೆಯ ಕಂತುಗಳನ್ನು ನೋಡಿ ನಾನೂ ಒಮ್ಮೆ ಕಣ್ಣೊರೆಸಿಕೊಂಡವನೇ. ಆದರೆ ಲಾರಿ ಓಡಿಸುವವರು ಅದರ ಬಗ್ಗೆ ಏನನ್ನುತ್ತಾರೆ? ಅದನ್ನು ಕೇಳುತ್ತ ಸಾಲಿನುದ್ದಕ್ಕೂ ನಡೆದೆ.

ಬ್ರಷ್ಷಿನವರು ಮೊದಲು ನಕ್ಕರು. ಕೆಲಸ ಒಳ್ಳೆಯದಿತ್ತು, ಜಾಪ್ಲಿನ್‌ನವರ ಕೈಗೆ ಹೆಸರಿಡುವಂತಿಲ್ಲ ಎಂದರು. ಆಮೇಲೆ ಬ್ರಷ್ಷು ಕೆಳಗಿಟ್ಟು ನನ್ನನ್ನು ಲಾರಿಯ ಎಡಬದಿಗೆ ಕರೆದೊಯ್ದರು. ಬಂಪರು ಕೊಂಡದ್ದು ಮೊದಲ ಮಗಳು ಕಾಲೇಜು ಮುಗಿಸಿದ ವರ್ಷ. ಕೊಳವೆಗಳು ಸಾಲ ತೀರಿದ ವರ್ಷ. ಡೀಸೆಲ್ ಟ್ಯಾಂಕಿನ ಮೇಲಿನ ಹೊಳೆಯುವ ಪಟ್ಟಿಗೆ ಒಂದು ಕಡೆ ತಗ್ಗು ಬಿದ್ದಿತ್ತು. ವ್ಯೋಮಿಂಗ್‌ನ ಹಿಮದಲ್ಲಿ ಕಂಬಕ್ಕೆ ಒರೆಸಿಕೊಂಡದ್ದು, ಬೇಕೆಂದೇ ಸರಿಮಾಡಿಸಿಲ್ಲ. ಹದಿನೇಳು ವರ್ಷ ಹಿಡಿದಿದೆ ಈ ಸಿಂಗಾರಕ್ಕೆ. ಟಿವಿಯಲ್ಲಿ ಇದೇ ಕೆಲಸ ಒಂದು ಕಂತಿನಲ್ಲಿ ಮುಗಿಯುತ್ತದೆ, ಜಾಹೀರಾತು ಸೇರಿ. ಇಷ್ಟು ಹೇಳಿ ಅವರು ಇಪ್ಪತ್ತನಾಲ್ಕನೆಯ ನಟ್ಟಿಗೆ ವಾಪಸಾದರು.

ಮೂರು ಲಾರಿ ಆಚೆ ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಓಡಿಸುವ ಜೋಡಿ. ಆಕೆಯ ದೂರು ಬೇರೆ. ಯಾರೋ ಬಂದು, ಕೇಳದೆ, ನಾನು ಮಲಗುವ ಜಾಗವನ್ನು ಬದಲಾಯಿಸಿದರೆ ನಾನು ಅಳುತ್ತೇನೆ ನಿಜ, ಆದರೆ ಸಂತೋಷಕ್ಕಲ್ಲ ಎಂದರು. ಮೆಟ್ಟಿಲು ಹತ್ತಿಸಿ ಒಳಗೆ ತೋರಿಸಿದರು. ಸೀಟಿನ ಹಿಂದಿನ ಸ್ಲೀಪರ್ ನಮ್ಮ ಹಳೇ ಮನೆಗಳ ದೇವರಕೋಣೆಯಷ್ಟು. ಮೇಲೆ ಕೆಳಗೆ ಎರಡು ಹಾಸಿಗೆ, ಪುಟ್ಟ ಫ್ರಿಜ್ಜು, ಕಾಫಿ ಪಾತ್ರೆ ಜಾರದಂತೆ ಸುತ್ತ ಕಟ್ಟಿದ ರಬ್ಬರ್ ಪಟ್ಟಿ, ಕತ್ತಲಲ್ಲೂ ಕೈಗೆ ಸಿಗುವಂತೆ ಮೊಳೆಗೆ ನೇತುಹಾಕಿದ ಟಾರ್ಚು. ಪ್ರತಿ ವಸ್ತುವಿಗೂ ಒಂದು ಜಾಗ, ಆ ಜಾಗಕ್ಕೊಂದು ಕಾರಣ. ಹೆಂಡತಿ ತವರಿಗೆ ಹೋದಾಗ ಅವಳ ಅಡುಗೆಮನೆಯ ಡಬ್ಬಿಗಳನ್ನು ಚಂದವಾಗಿ ಜೋಡಿಸಿಟ್ಟು ಬೈಸಿಕೊಂಡ ಅನುಭವ ನನಗಿದೆ. ಟಿವಿಯವರ ‘ಸರ್‌ಪ್ರೈಸ್’ ಎಂಬುದರ ತೊಡಕು ಅಲ್ಲೇ ಸ್ಪಷ್ಟವಾಯಿತು.

ಸಾಲಿನ ಕೊನೆಯಲ್ಲಿ ಫ್ರೆಸ್ನೊ ಕಡೆಯ ಸರ್ದಾರ್ಜಿಯೊಬ್ಬ ಸಿಕ್ಕ. ಸ್ಪರ್ಧೆಗೆ ಬಂದವನಲ್ಲ, ಡೀಸೆಲ್ ಹಾಕಿಸಿ ನೋಡಲು ನಿಂತವನು. ಕ್ಯಾಲಿಫೋರ್ನಿಯಾದ ಪಂಜಾಬಿಗಳಲ್ಲಿ ಲಾರಿ ಕಸುಬು ಚೆನ್ನಾಗಿ ಬೇರೂರಿದೆ. ನನ್ನ ಮುರುಕು ಹಿಂದಿ ಕೇಳಿ ‘ಅಂಕಲ್‌ಜಿ’ ಎಂದು ಕರೆದು ಚಹಾ ಕುಡಿಸಿದ. ಈ ಹಳೇ ಪೀಟರ್‌ಬಿಲ್ಟ್‌ಗಳ ಮೇಲೆ ಆಸೆಯೇನೋ ಇದೆ, ಏನು ಮಾಡಲಿ, ನಮ್ಮ ರಾಜ್ಯದೊಳಕ್ಕೆ ಬಿಡುವುದಿಲ್ಲ ಎಂದ. ನಿಜ. ಹೊಗೆಯ ನಿಯಮದಿಂದಾಗಿ 2023ರಿಂದ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಲಾರಿ ದುಡಿಯಬೇಕಾದರೆ, ತೀರ ಕಡಿಮೆ ಓಡುವವುಗಳನ್ನು ಬಿಟ್ಟು, 2010ರ ಅಥವಾ ಅದರ ನಂತರದ ಎಂಜಿನ್ ಬೇಕು. ಮಿಕ್ಕ ಕಡೆ ಇದಕ್ಕೆ ತಿರುಗಾಮುರುಗಾ: ಚಾಲನೆಯ ತಾಸು ಬರೆದಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ 2017ರ ಡಿಸೆಂಬರಿನಿಂದ ಕಡ್ಡಾಯವಾದರೂ 2000ಕ್ಕಿಂತ ಹಿಂದಿನ ಎಂಜಿನ್‌ಗಳಿಗೆ ವಿನಾಯಿತಿ ಇದೆ. ಹಳೇ ಲಾರಿಯ ಮೇಲಿನ ಮೋಹದಲ್ಲಿ ಅಂದಕ್ಕೆ ಎಷ್ಟು ಪಾಲು, ಆ ಪೆಟ್ಟಿಗೆಯ ಕಾಟ ತಪ್ಪುವುದಕ್ಕೆ ಎಷ್ಟು ಪಾಲು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಊಟದ ಮನೆಯಲ್ಲಿ ಎದುರು ಕೂತವನು ಬರೀ ಲೆಕ್ಕದ ಮನುಷ್ಯ. ಕಂಪನಿಯ ಬಿಳೀ ಲಾರಿ ಓಡಿಸುವವನು, ಒಂದು ಚಿಕನ್ ಲೈಟ್ ಹಾಕಲೂ ಅವನಿಗೆ ಅಧಿಕಾರವಿಲ್ಲ. ಕಾಗದದ ಕರವಸ್ತ್ರದ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದ. ಲಾರಿ, ಟ್ರೇಲರ್, ಸರಕು ಎಲ್ಲ ಸೇರಿ 80,000 ಪೌಂಡು, ಅಂದರೆ ಸುಮಾರು 36 ಟನ್ ಮೀರುವಂತಿಲ್ಲ. ನೀನು ಹೇರಿಕೊಂಡ ಒಂದೊಂದು ಪೌಂಡು ಕ್ರೋಮೂ ಬಾಡಿಗೆ ಬರುವ ಸರಕಿನಿಂದ ಕಳೆಯುತ್ತದೆ. ಉದ್ದ ಮೂತಿ ಗಾಳಿಯನ್ನು ಸೀಳುವುದಿಲ್ಲ, ಗುದ್ದುತ್ತದೆ, ಡೀಸೆಲ್ ಕುಡಿಯುತ್ತದೆ. ಟಿವಿಯಲ್ಲಿ ಕ್ರೋಮು ಹೊಳೆಯುತ್ತಿದ್ದ ಕಾಲದಲ್ಲೇ, 2008ರ ಜುಲೈನಲ್ಲಿ, ಡೀಸೆಲ್ ಗ್ಯಾಲನ್ನಿಗೆ 4.76 ಡಾಲರ್ ಮುಟ್ಟಿತ್ತು. ಗ್ಯಾಲನ್ನಿಗೆ ಆರು ಮೈಲಿ ಓಡುವ ಲಾರಿ ಸಾವಿರ ಮೈಲಿ ಹೋದರೆ ಡೀಸೆಲ್ಲಿಗೇ ಎಂಟುನೂರು ಡಾಲರಿನ ಹತ್ತಿರ. ಮೇಲಾಗಿ ಈ ದೇಶದಲ್ಲಿ ಗೆದ್ದ ಬಹುಮಾನವೂ ಆದಾಯವೇ, ತೆರಿಗೆ ಕೇಳುತ್ತದೆ. ಕಷ್ಟದಲ್ಲಿರುವವನಿಗೆ ಹೊಸ ಎಂಜಿನ್, ಹೊಸ ಟೈರು ಹಾಕಿಕೊಡಲಿ, ಚರ್ಮದ ಸೋಫಾ ಯಾಕೆ ಎಂದು ಅವನ ಪ್ರಶ್ನೆ. ಮಾತು ಒಪ್ಪುವಂಥದ್ದೇ. ಹೊರಗೆ ಬಂದವನು ನನಗಿಂತ ಹೆಚ್ಚು ಹೊತ್ತು ಆ ಲಾರಿಗಳ ಮುಂದೆ ನಿಂತು ಫೋಟೊ ತೆಗೆದದ್ದನ್ನೂ ಬರೆಯಬೇಕು.

ಸಾಮಾನಿನ ಶೋರೂಮಿಗೆ ಹೊಕ್ಕರೆ ಈ ಗೀಳಿನ ಬೆಲೆಪಟ್ಟಿಯೇ ಕಣ್ಣೆದುರು. ಮೂವತ್ತು ಸಾವಿರ ಚದರಡಿ. ನಡುವೆ ಇಡೀ ಲಾರಿಗಳನ್ನೇ ನಿಲ್ಲಿಸಿದ್ದಾರೆ. ಗೋಡೆ ತುಂಬ ಬಂಪರು, ನಟ್ಟಿನ ಟೊಪ್ಪಿ, ಗೇರ್ ಹಿಡಿಕೆ, ದೀಪ. ಬೆಳ್ಳಿ ಅಂಗಡಿಗೆ ಬಂದ ಹೆಣ್ಣುಮಕ್ಕಳಂತೆ ದಪ್ಪ ಮೀಸೆಯ ಗಂಡಸರು ಒಂದು ನಟ್ಟಿನ ಟೊಪ್ಪಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಇಟ್ಟು, ಮತ್ತೆ ಎತ್ತಿಕೊಳ್ಳುವುದನ್ನು ನೋಡಬೇಕು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಇದೆಲ್ಲವನ್ನೂ ತಿನ್ನುತ್ತದೆ. ಗೊತ್ತಿದ್ದೂ ಕೊಳ್ಳುತ್ತಾರೆ.

ಲಾರಿ ಸ್ಪರ್ಧೆಗಳ ಲೋಕದಲ್ಲಿ ಟಿವಿಗಿಂತ ಹಳೆಯ ಒಂದು ಗೆರೆ ಇದೆ: ದುಡಿಯುವ ಲಾರಿ, ತೋರಿಕೆಯ ಲಾರಿ. 1983ರಿಂದ ನಡೆದಿರುವ ಸೂಪರ್‌ರಿಗ್ಸ್ ಸ್ಪರ್ಧೆಗೆ ದಿನವೂ ಸರಕು ಹೊರುವ ಲಾರಿಗಷ್ಟೇ ಪ್ರವೇಶ. ಬೇರೊಂದು ಗಾಡಿಯ ಮೇಲೆ ಹೇರಿಕೊಂಡು ಬಂದು ಇಳಿಸುವ, ಕೆಸರು ಕಾಣದ ಸುಂದರಿಯರ ಬಗ್ಗೆ ಡ್ರೈವರ್‌ಗಳಿಗೆ ಗೌರವ ಕಡಿಮೆ. ಟಿವಿಯಲ್ಲಿ ಬಂದ ಲಾರಿಗಳು ಯಾವ ಕಡೆಗೆ ಸೇರಬೇಕು ಎಂಬುದೇ ಇವರ ವಾದದ ಗಂಟು. ಮಾಲೀಕ ದುಡಿಯುವವನು, ಸಿಂಗಾರ ಬೇರೆಯವರದು. ನನ್ನನ್ನು ಕೇಳಿದರೆ, ಕಾರ್ಯಕ್ರಮದ ನಾಯಕ ಗ್ಯಾರೇಜಾಯಿತು, ಡ್ರೈವರ್ ಕೊನೆಗೆ ಬಂದು ಅಳುವ ಪಾತ್ರವಾದ, ಅಷ್ಟೇ ತಪ್ಪು. ಬೆಸುಗೆಯಲ್ಲಿ ತಪ್ಪಿರಲಿಲ್ಲ. ಅದೇ ಜಾಪ್ಲಿನ್‌ನವರು ತಮ್ಮೂರಲ್ಲಿ ‘ಗಿಲ್ಟಿ ಬೈ ಅಸೋಸಿಯೇಷನ್’ ಎಂಬ ಲಾರಿ ಮೇಳ ನಡೆಸುತ್ತಾರೆ. ಅಲ್ಲಿ ಡ್ರೈವರ್‌ಗಳು ತಾವೇ ಸಿಂಗರಿಸಿದ ಲಾರಿಗಳನ್ನು ತಂದು, ಸ್ಪೆಷಲ್ ಒಲಿಂಪಿಕ್ಸ್ ನೆರವಿಗಾಗಿ ಸಾಲುಗಟ್ಟಿ ಊರೊಳಗೆ ಓಡಿಸುತ್ತಾರೆ. ಟಿವಿಯನ್ನು ಬೈದ ಇಬ್ಬರು ಆ ಮೇಳಕ್ಕೆ ತಪ್ಪದೆ ಹೋಗುವವರು.

ಬ್ರಷ್ಷಿನವರೂ ಸಂಜೆ ಇನ್ನೊಂದು ಮಾತು ಸೇರಿಸಿದರು. ಆ ಕಾರ್ಯಕ್ರಮ ಬರುತ್ತಿದ್ದ ದಿನಗಳಲ್ಲಿ ದಾರಿಹೋಕರ ಮಕ್ಕಳು ಕಾರಿನ ಕಿಟಕಿಯಿಂದ ಕೈ ಮೇಲೆಕೆಳಗೆ ಎಳೆದು ಹಾರ್ನ್ ಕೇಳುವುದು ಹೆಚ್ಚಾಗಿತ್ತಂತೆ. ಅಲ್ಲಿಯವರೆಗೆ ಟಿವಿಯಲ್ಲಿ ಲಾರಿ ಬರುತ್ತಿದ್ದದ್ದು ಅಪಘಾತದ ಸುದ್ದಿಗೆ ಮಾತ್ರ ಎಂದರು.

ಕತ್ತಲಾಗುತ್ತಲೇ ದೀಪದ ಮೇಳ. ಒಂದೊಂದಾಗಿ ಲಾರಿಗಳು ಕಣ್ಣುಬಿಟ್ಟವು: ಬದಿಗೆ ಹಳದಿ, ಹಿಂದೆ ಕೆಂಪು, ಕೆಲವಕ್ಕೆ ಹೊಟ್ಟೆಯಡಿ ನೀಲಿ, ನೇರಳೆ. ದಸರೆಯ ಮೈಸೂರಿನವನಾದ ನಾನು ದೀಪಕ್ಕೆ ಸುಲಭವಾಗಿ ಬೆರಗಾಗುವವನಲ್ಲ, ಆದರೂ ಸುಮ್ಮನಾದೆ. ಬ್ರಷ್ಷಿನವರ ಲಾರಿಯಲ್ಲಿ ನಡುವಿನ ಒಂದು ದೀಪ ಹತ್ತಲಿಲ್ಲ. ಅವರು ಹೋಗಿ ಬೆರಳಿನಿಂದ ಎರಡು ಸಲ ತಟ್ಟಿದರು. ಹತ್ತಿತು. ಭಾನುವಾರ ನೆಬ್ರಾಸ್ಕಾಗೆ ಹೊರಡಬೇಕು, ಲೋಡು ಕಾದಿದೆ ಎಂದರು. ಬಹುಮಾನ ಅವರಿಗೆ ಬರಲಿಲ್ಲ.

ನೀವು ಆ ಕಡೆ ಹೋಗುವುದಾದರೆ ಜಾತ್ರೆ ಜುಲೈನಲ್ಲಿ, ಪ್ರವೇಶಕ್ಕೆ ಕಾಸಿಲ್ಲ. ಪಕ್ಕದಲ್ಲಿ ನೂರಕ್ಕೂ ಹೆಚ್ಚು ಹಳೇ ಲಾರಿಗಳ ವಸ್ತುಸಂಗ್ರಹಾಲಯವೂ ಇದೆ, ಅದೂ ಉಚಿತ. ಕೇಳಿದರೆ ಲಾರಿಯ ಒಳಗೂ ಹತ್ತಿಸಿಕೊಳ್ಳುತ್ತಾರೆ. ಕ್ರೋಮಿನ ಮೇಲೆ ಮಾತ್ರ ಬೆರಳಿಡಬೇಡಿ.